ನಾಲ್ಕು ಪುಟದ ರೈಲುದಾರಿ

ವಿಮರ್ಶೆಗೆಂದು ನನ್ನ ಕೈಗೆ ಬಂದ ಕೃತಿ ನಾಲ್ಕೇ ಪುಟದ್ದು. ಬೆಲೆ ಇಲ್ಲ, ಮುನ್ನುಡಿ ಇಲ್ಲ, ಬೆನ್ನುಡಿಯಂತೂ ಇಲ್ಲವೇ ಇಲ್ಲ. ಬರೆದವಳು ನನ್ನ ತಮ್ಮನ ಮಗಳು. ಅವಳೂ ಅವಳ ಗೆಳೆಯ ಗೆಳತಿಯರೂ ಕೂಡಿ ರವಿವಾರದ ದಿನ ಸೈಕಲ್ಲು ತುಳಿಯುತ್ತಾರೆ. ಒಮ್ಮೆ ಕೋಟೆ, ಒಮ್ಮೆ ಕೆರೆ, ಒಮ್ಮೆ ಹಳೆಯ ಗುಡಿ. ಈ ಸಲ ರೈಲು. ಬೆಳಗಾವಿ ಸ್ಟೇಶನ್ನಿನಿಂದ ಖಾನಾಪುರದ ಮಲಪ್ರಭೆಯ ತನಕ, ಹಳಿಯ ಆಚೀಚೆಗೆ, ಸುಮಾರು 26 ಕಿಲೋಮೀಟರು, ಅವಸರವಿಲ್ಲದೆ. ಬಂದವರ ಕೈಗೆ ಕೊಡಲೆಂದು ಅವಳೊಂದು ಕರಪತ್ರ ಸಿದ್ಧಮಾಡಿದ್ದಳು.

“ಅತ್ತಿ, ನೀವು ಮೂವತ್ತು ವರ್ಷ ಪೇಪರ್ ತಿದ್ದೀರಿ. ಇದನ್ನೂ ತಿದ್ದಿ ಕೊಡ್ರಿ. ಖರೇ ಖರೇ ಹೇಳಬೇಕು, ಭಿಡೆ ಮಾಡಬಾರದು,” ಅಂದಳು.

ಭಿಡೆ ಮಾಡಬಾರದು ಎಂದು ಹೇಳಿದವರ ಮುಂದೆಯೇ ಹೆಚ್ಚು ಭಿಡೆಯಾಗುತ್ತದೆ. ಆದರೂ ಒಂದು ಮಾತು ಹೇಳಿದೆ. ಸೈಕಲ್ಲಿನ ಮೇಲೆ ಹೋಗುವವರಿಗಾಗಿ ಬರೆದದ್ದನ್ನು ಆರಾಮ ಕುರ್ಚಿಯಲ್ಲಿ ಕೂತು ಓದಿ ತೀರ್ಪು ಕೊಡುವುದು ನ್ಯಾಯವಲ್ಲ, ನಾನೂ ಬರುತ್ತೇನೆ. “ಅಕ್ಕಾ, ನಿನ್ನ ಮಂಡಿ?” ಎಂದು ತಮ್ಮ ಗಾಬರಿಯಾದ. ಮಂಡಿ ನನ್ನದು, ಅದರ ಚಿಂತೆ ನನಗಿರಲಿ ಎಂದೆ. ಧಾರವಾಡದಲ್ಲಿ ಕಾಲೇಜು ಓದುವಾಗ ತಾಸಿನ ಬಾಡಿಗೆಯ ಸೈಕಲ್ಲು ತಂದು ಸಂಜೆಗತ್ತಲಲ್ಲಿ, ಯಾರೂ ನೋಡದಂತೆ, ನಾವು ಮೂವರು ಹುಡುಗಿಯರು ಕಲಿತಿದ್ದೆವು. ಕಲಿತ ಮೇಲೆ ಹೊಡೆಯಲು ಅವಕಾಶ ಸಿಕ್ಕದ್ದು ಕಡಿಮೆ. ಅರವತ್ತು ದಾಟಿದ ಮೇಲೆ ಮತ್ತೆ ಸಿಕ್ಕಿತು.

ಹಿಂದಿನ ರಾತ್ರಿ ಪೆನ್ಸಿಲ್ ಹಿಡಿದು ಒಮ್ಮೆ ಓದಿದೆ. ನಾಲ್ಕು ಪುಟದಲ್ಲಿ ‘ಐತಿಹಾಸಿಕ’ ಹದಿನಾಲ್ಕು ಸಲ, ‘ಭವ್ಯ’ ಒಂಬತ್ತು ಸಲ. ‘ನಿರ್ಮಿಸಲಾಯಿತು’, ‘ಹಾಕಲಾಯಿತು’, ‘ತೆರೆಯಲಾಯಿತು’ ಇವುಗಳನ್ನು ಎಣಿಸುವುದು ಬಿಟ್ಟೆ. ನಮ್ಮ ಕನ್ನಡದಲ್ಲಿ ಈ ‘ಲಾಯಿತು’ ಎಂಬುದೊಂದು ಮಾಯೆ. ಸೇತುವೆ ಕಟ್ಟಲಾಯಿತು, ಹಳಿ ಹಾಕಲಾಯಿತು, ಊರಿಗೆ ರೈಲು ತರಲಾಯಿತು. ಕಟ್ಟಿದವರು ಯಾರು, ಹಾಕಿದವರು ಯಾರು? ಬುಟ್ಟಿಯಲ್ಲಿ ಖಡಿ ಹೊತ್ತವರು ಯಾರು? ಕ್ರಿಯಾಪದ ಇದೆ, ಕೈ ಇಲ್ಲ. ಹತ್ತನೇ ಇಯತ್ತೆಯ ಪ್ರಬಂಧಗಳಲ್ಲಿ ಇದನ್ನು ನೋಡಿ ನೋಡಿ ನನಗೆ ಸಾಕಾಗಿತ್ತು.

ಆದರೆ ಹೊಗಳಬೇಕಾದದ್ದನ್ನೂ ಮೊದಲೇ ಹೇಳಿಬಿಡುತ್ತೇನೆ. ಹುಡುಗಿ ಓದಿದ್ದಾಳೆ. ಈ ಹಳಿ ಯಾಕೆ ಬಂತು ಎಂಬುದನ್ನು ಎರಡೇ ಸಾಲಿನಲ್ಲಿ ಹೇಳಿದ್ದಾಳೆ. 1876ರಿಂದ 78ರವರೆಗಿನ ದೊಡ್ಡ ಬರದಲ್ಲಿ ಈ ಕಡೆಯ ಜಿಲ್ಲೆಗಳಿಗೆ ಧಾನ್ಯ ಸಾಗಿಸಲು ದಾರಿಯಿಲ್ಲದೆ ಜನ ಸತ್ತರು. ಆಮೇಲೆ ಸರಕಾರಕ್ಕೆ ಎಚ್ಚರವಾಯಿತು, 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಬರದ ಜೊತೆಗೆ ವ್ಯಾಪಾರದ ಲೆಕ್ಕವೂ ಇತ್ತು ಎನ್ನುವುದನ್ನೂ ಬಿಟ್ಟಿಲ್ಲ. ಅರಳೆ ಗೋವೆಯ ಬಂದರಿಗೆ ಇಳಿಯಬೇಕಿತ್ತು, ಅದಕ್ಕಾಗಿ ಇಂಗ್ಲಿಷರೂ ಪೋರ್ತುಗೀಸರೂ 1878ರಲ್ಲಿ ಒಪ್ಪಂದ ಮಾಡಿಕೊಂಡಿದ್ದರು. ಬೆಳಗಾವಿಯ ಹಳೆಯ ಗೆಜೆಟಿಯರ್ ಅಚ್ಚಾದದ್ದು 1884ರಲ್ಲಿ, ಆಗಿನ್ನೂ ಊರಿಗೆ ರೈಲು ಬಂದಿರಲಿಲ್ಲ. ಕೆಲವೇ ವರ್ಷಗಳಲ್ಲಿ ಬಂತು. ಒಂದು ಮೀಟರು ಅಗಲದ ಸಣ್ಣ ಹಳಿ.

ಒಂದೇ ಹಳಿಗೆ ಐದು ಹೆಸರು ಬಂದದ್ದನ್ನೂ ಸೊಗಸಾಗಿ ಪಟ್ಟಿ ಮಾಡಿದ್ದಾಳೆ. 1908ರಲ್ಲಿ ಮದ್ರಾಸ್ ರೈಲ್ವೆಯ ಜೊತೆ ಸೇರಿ ಮದ್ರಾಸ್ ಅಂಡ್ ಸದರ್ನ್ ಮರಾಠಾ, 1951ರಲ್ಲಿ ದಕ್ಷಿಣ ರೈಲ್ವೆ, 1966ರಲ್ಲಿ ದಕ್ಷಿಣ ಮಧ್ಯ, 2003ರಲ್ಲಿ ನೈಋತ್ಯ. ಇದನ್ನು ಓದುವಾಗ ನನಗೆ ಅಪ್ಪನ ಖಾಕಿ ಕೋಟು ನೆನಪಾಯಿತು. 1966ರಲ್ಲಿ ರೈಲ್ವೆಯ ಹೆಸರು ಬದಲಾದಾಗ ಅವ್ವ, “ಹೆಸರು ಬದಲಾತು, ಪಗಾರ ಬದಲಾತೇನು?” ಎಂದು ಕೇಳಿದ್ದಳು. ಹೌದು, ನನ್ನ ಅಪ್ಪ ರೈಲ್ವೆ ಗೇಟು ಕಾಯುತ್ತಿದ್ದವರು. ಇದು ನನ್ನ ಸೊಸೆಯಂದಿರಿಗೆ ಗೊತ್ತು, ನನ್ನ ಜೊತೆ ಕೆಲಸ ಮಾಡಿದ ಅನೇಕ ಶಿಕ್ಷಕಿಯರಿಗೆ ಗೊತ್ತಿಲ್ಲ. ಸಾಲಿಯಲ್ಲಿ ನನ್ನನ್ನು ‘ಗೇಟಿನಾಕಿ’ ಎಂದು ಕರೆಯುತ್ತಿದ್ದರು. ಆ ಹೆಸರು ಬೆನ್ನು ಬಿಡಲೆಂದೇ ನಾನು ಕಷ್ಟಪಟ್ಟು ಓದಿದೆನೇನೋ.

ಡಿಸೆಂಬರದ ರವಿವಾರ ಬೆಳಿಗ್ಗೆ ಆರೂವರೆಗೆ ಸ್ಟೇಶನ್ನಿನ ಎದುರು ಹನ್ನೊಂದು ಸೈಕಲ್ಲು ನಿಂತವು. ನನ್ನದು ಹನ್ನೆರಡನೆಯದು. ಕರಪತ್ರದ ಮೊದಲ ಪುಟ ಇಲ್ಲಿಂದಲೇ ಶುರು: ‘ಭವ್ಯ ಪಾರಂಪರಿಕ ನಿಲ್ದಾಣ’. ತಲೆ ಎತ್ತಿ ನೋಡಿದರೆ ಎದುರಿಗಿರುವುದು ಪುನರ್ನಿರ್ಮಾಣಗೊಂಡು 2023ರ ಫೆಬ್ರುವರಿ 27ರಂದು ಉದ್ಘಾಟನೆಯಾದ ಕಟ್ಟಡ. ಅದೇ ದಿನ ಲೋಂಡಾದಿಂದ ಘಟಪ್ರಭೆಯವರೆಗಿನ ಜೋಡಿ ಹಳಿಯೂ ಲೋಕಾರ್ಪಣೆಯಾಯಿತು. ಹೊಸದಕ್ಕೆ ನಾನು ಮೂಗು ಮುರಿಯುವವಳಲ್ಲ. ಅಗಲವಾಗಿದೆ, ಬೆಳಕಿದೆ. ಆದರೆ ಮೂರು ವರ್ಷದ ಕೂಸಿಗೆ ಮುತ್ತಜ್ಜಿಯ ಸೀರೆ ಉಡಿಸಿ ‘ನೋಡಿರಿ, ಎಷ್ಟು ಹಳೆಯದು’ ಎಂದರೆ ಹೇಗೆ? ಈ ಸಾಲಿನ ಪಕ್ಕ ನಾನು ಪೆನ್ಸಿಲಿನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದೆ.

ಅದರ ಕೆಳಗಿನ ಸಾಲಿಗೆ ಬರೇ ಚಿಹ್ನೆ ಸಾಲಲಿಲ್ಲ. ‘1924ರ ಅಧಿವೇಶನಕ್ಕೆ ಬಂದಾಗ ಮಹಾತ್ಮಾ ಗಾಂಧಿಯವರು ಇದೇ ನಿಲ್ದಾಣದ ಕಲ್ಲುಬೆಂಚಿನ ಮೇಲೆ ವಿಶ್ರಮಿಸಿದ್ದರು’ ಎಂದು ಬರೆದಿದ್ದಳು.

“ಯಾವ ಬೆಂಚು?” ಎಂದೆ.

“ಈಗಿಲ್ರಿ ಅತ್ತಿ.”

“ಯಾರು ಹೇಳಿದ್ದು?”

“ಎಲ್ಲಾರೂ ಹೇಳತಾರ.”

ಗಾಂಧೀಜಿ ಅಧ್ಯಕ್ಷರಾಗಿದ್ದ ಏಕೈಕ ಕಾಂಗ್ರೆಸ್ ಅಧಿವೇಶನ ಬೆಳಗಾವಿಯದು, 39ನೆಯದು. ಡಿಸೆಂಬರದಲ್ಲಿ ನಡೆಯಿತು. ಗಂಗಾಧರರಾವ್ ದೇಶಪಾಂಡೆಯವರು ಓಡಾಡಿ ಅದನ್ನು ನಡೆಸಿದರು, ನೀರಿಗೆಂದು ತೋಡಿದ ಬಾವಿ ಟಿಳಕವಾಡಿಯಲ್ಲಿ ಇಂದಿಗೂ ಕಾಂಗ್ರೆಸ್ ಬಾವಿ ಎಂದೇ ಇದೆ. ಇಷ್ಟು ಗಟ್ಟಿ ಸಂಗತಿ ಕೈಯಲ್ಲಿರುವಾಗ ಇಲ್ಲದ ಬೆಂಚು ಯಾಕೆ ಬೇಕು? ‘ಎಲ್ಲಾರೂ’ ಹೇಳಿದ್ದು ಎಂದರೆ ಯಾರೂ ಹೇಳಿದ್ದಲ್ಲ. ಅಡ್ಡಗೆರೆ ಎಳೆದೆ. ಅವಳ ಮುಖ ಸಣ್ಣದಾಯಿತು.

ಆ ಜಾಗಕ್ಕೆ ಇದನ್ನು ಹಾಕು ಎಂದು ಇನ್ನೊಂದು ಸಂಗತಿ ಹೇಳಿದೆ. 1892ರ ಅಕ್ಟೋಬರದಲ್ಲಿ ಸ್ವಾಮಿ ವಿವೇಕಾನಂದರು, ಆಗಿನ್ನೂ ಹೆಚ್ಚು ಜನಕ್ಕೆ ಗೊತ್ತಿಲ್ಲದ ತರುಣ ಸಂನ್ಯಾಸಿ, ಬೆಳಗಾವಿಯಲ್ಲಿ ಉಳಿದಿದ್ದರು. ಅರಣ್ಯ ಇಲಾಖೆಯ ಅಧಿಕಾರಿ ಹರಿಪದ ಮಿತ್ರರ ಮನೆಯಲ್ಲಿ ಕೆಲವು ದಿನ ಇದ್ದರು. ಹೊರಡುವಾಗ ಮಿತ್ರರೇ ಮರ್ಮಗೋವೆಗೆ ಟಿಕೀಟು ತೆಗೆಸಿ ರೈಲು ಹತ್ತಿಸಿದರು. ಇದನ್ನು ಹರಿಪದ ಮಿತ್ರರೇ ತಮ್ಮ ನೆನಪುಗಳಲ್ಲಿ ಬರೆದಿಟ್ಟಿದ್ದಾರೆ. ನೋಡು, ಇಲ್ಲಿ ಹೇಳಿದವರಿದ್ದಾರೆ, ಟಿಕೀಟು ಕೊಂಡವರಿದ್ದಾರೆ, ರೈಲು ಹೋದ ದಿಕ್ಕೂ ಇದೆ, ನಾವು ಈಗ ಹೋಗುವ ದಿಕ್ಕೇ. ಅವಳು ಹ್ಯಾಂಡಲ್ಲಿನ ಮೇಲೆ ಕಾಗದ ಇಟ್ಟು ಬರೆದುಕೊಂಡಳು. ಮುಖ ಮಾತ್ರ ಮೊದಲಿನಂತಾಗಲಿಲ್ಲ.

ಗೋಗಟೆ ಸರ್ಕಲ್ ದಾಟಿ ಕಾಂಗ್ರೆಸ್ ರೋಡಿಗೆ ಬಂದರೆ ಎಡಬಲ ಎನ್ನದೆ ಹಳಿಯೇ ಜೊತೆಗಾರ. ಟಿಳಕವಾಡಿಯವರಿಗೆ ರೈಲು ಎಂದರೆ ಸ್ಟೇಶನ್ನಲ್ಲ, ಗೇಟು. ಮೊದಲನೇ ಗೇಟು, ಎರಡನೇ ಗೇಟು, ಮೂರನೇ ಗೇಟು. ಮನೆ ಎಲ್ಲಿ ಎಂದರೆ ಎರಡನೇ ಗೇಟಿನ ಹತ್ತಿರ. ತರಕಾರಿ ಎಲ್ಲಿ ತಂದಿರಿ ಎಂದರೆ ಮೊದಲನೇ ಗೇಟು. ಸಾಲಿಗೆ ತಡವಾಯಿತೇಕೆ ಎಂದರೆ, ಬಾಯಿ, ಗೇಟು ಹಾಕಿತ್ತು. ಈ ಕಾರಣವನ್ನು ನಾನು ಮೂವತ್ತು ವರ್ಷ ಕೇಳಿದ್ದೇನೆ, ಅರ್ಧದಷ್ಟು ಸಲ ನಂಬಿದ್ದೇನೆ. ಮೂರನೇ ಗೇಟಿನ ಮೇಲೆ ಈಗ ಸೇತುವೆ ಎದ್ದಿದೆ, ಹೆಸರು ಮಾತ್ರ ಗೇಟೆಂದೇ ಉಳಿದಿದೆ. ನನ್ನ ಮಟ್ಟಿಗೆ ಬೆಳಗಾವಿಯ ರೈಲು ಪರಂಪರೆ ಎಂದರೆ ಇದೇ, ಜನರ ಬಾಯಲ್ಲಿ ವಿಳಾಸವಾಗಿ ಕೂತದ್ದು. ಕರಪತ್ರದಲ್ಲಿ ಇದರ ಬಗ್ಗೆ ಒಂದಕ್ಷರವಿಲ್ಲ. ಗೇಟಿನ ಮೊಮ್ಮಗಳೇ ಗೇಟನ್ನು ಬಿಟ್ಟಿದ್ದಾಳೆ.

ಉದ್ಯಮಬಾಗ ದಾಟಿ ಪೀರನವಾಡಿಯಲ್ಲಿ ಚಹಾಕ್ಕೆ ನಿಂತೆವು. ಅವಲಕ್ಕಿ ಬಂತು. ಹುಡುಗರು ಫೋಟೋ ತೆಗೆದುಕೊಂಡರು. ಮಚ್ಛೆಯ ಮುಂದೆ ಹೆದ್ದಾರಿ ಅಗಲವಾಗಿ ಲಾರಿಗಳ ಪಾಲಾಗಿದೆ, ಆದ್ದರಿಂದ ಸಾಧ್ಯವಿದ್ದಲ್ಲೆಲ್ಲ ಊರೊಳಗಿನ ದಾರಿ ಹಿಡಿದೆವು. ಕರಪತ್ರದ ಎರಡನೇ ಪುಟದಲ್ಲಿ ಅವಳು ಕೈಯಿಂದಲೇ ಬರೆದ ನಕಾಶೆ ಇದೆ. ಎಲ್ಲಿ ನೆರಳು, ಎಲ್ಲಿ ಕುಡಿಯುವ ನೀರು, ಯಾವ ಏರಿನಲ್ಲಿ ಇಳಿದು ತಳ್ಳಬೇಕು ಎಂದೆಲ್ಲ ಗುರುತು ಹಾಕಿದ್ದಾಳೆ. ಇಡೀ ಕರಪತ್ರದಲ್ಲಿ ಅತ್ಯುತ್ತಮ ಪುಟ ಇದು. ಇದರಲ್ಲಿ ಒಂದೂ ‘ಭವ್ಯ’ ಇಲ್ಲ ಎಂಬುದನ್ನು ಅವಳಿಗೆ ತೋರಿಸಿದೆ. ಆಗ ನಕ್ಕಳು.

ಗದ್ದೆ ಕೊಯ್ಲಾಗಿತ್ತು. ಬಣವೆಗಳ ನಡುವೆ ಎರಡು ಹಳಿ, ಅಲ್ಲ, ಈಗ ನಾಲ್ಕು. ಸೈಕಲ್ಲಿನ ಒಂದು ಗುಣವೆಂದರೆ ಅದು ಕಣ್ಣಿಗೆ ಅವಸರ ಮಾಡುವುದಿಲ್ಲ. ಮೊದಲಿನ ಮೀಟರ್ ಗೇಜು ಒಂದು ಸಾವಿರ ಮಿಲಿಮೀಟರು, ಈಗಿನ ಬ್ರಾಡ್ ಗೇಜು 1676. ನಡುವಿನ ಅಂತರ ಎರಡಡಿಗಿಂತ ಸ್ವಲ್ಪ ಹೆಚ್ಚು. ಈ ಎರಡಡಿಗಾಗಿ ಎಷ್ಟು ಹೆಂಗಸರು ಮಧ್ಯರಾತ್ರಿ ಮಿರಜಿನಲ್ಲಿ ನಿದ್ದೆಗಣ್ಣಿನ ಮಕ್ಕಳನ್ನು ಎಬ್ಬಿಸಿ, ಟ್ರಂಕು, ಹಾಸಿಗೆ ಸುತ್ತು, ಉಂಡೆಯ ಡಬ್ಬಿ ಹೊತ್ತು ಗಾಡಿ ಬದಲಿಸಿದ್ದಾರೆ! ಮಿರಜಿನಿಂದ ಪುಣೆಯ ಕಡೆಗೆ ದೊಡ್ಡ ಹಳಿ 1970ರ ಸುಮಾರಿಗೇ ಬಂತು, ನಮ್ಮ ಕಡೆಗೆ ಬರಲು 1990ರ ದಶಕವಾಯಿತು. ಕರಪತ್ರ ಇದನ್ನು ‘ಗೇಜ್ ಪರಿವರ್ತನೆ ಮಾಡಲಾಯಿತು’ ಎಂದು ಮುಗಿಸಿದೆ. ಮಿರಜಿನ ಪ್ಲಾಟಫಾರ್ಮಿನಲ್ಲಿ ಬಾಣಂತಿಯಾಗಿ ಗಾಡಿ ಬದಲಿಸಿದವಳು ಬರೆದಿದ್ದರೆ ಇನ್ನೆರಡು ಸಾಲು ಹೆಚ್ಚಿಗೆ ಬರುತ್ತಿದ್ದವು.

ದೇಸೂರು ಇನ್ನೂ ಮುಂದಿರುವಾಗ ನಾನು ಸೈಕಲ್ಲು ನಿಲ್ಲಿಸಿದೆ. ಯಾಕೆ ಎಂದು ಅವಳು ಹಿಂದಿರುಗಿ ಬಂದಳು. ಉಳಿದವರು ಮುಂದೆ ಹೋದರು.

ನಮ್ಮ ಗೇಟು ಇಲ್ಲೆಲ್ಲೋ ಇತ್ತು. ಎಲ್ಲಿ ಎಂದು ಬೊಟ್ಟು ಮಾಡಿ ತೋರಿಸಲು ನನಗೆ ಆಗಲಿಲ್ಲ. ಗುಮಟಿ ಇಲ್ಲ, ಕಂಬ ಇಲ್ಲ, ಹುಣಸೆಮರವೂ ಇಲ್ಲ. ಎರಡನೇ ಹಳಿಗಾಗಿ ಮಣ್ಣು ಏರಿಸಿದಾಗ ಎಲ್ಲ ಅದರೊಳಗೆ ಹೋಗಿರಬೇಕು. ಒಂದು ಮೋರಿ ಮಾತ್ರ ಗುರುತು ಸಿಕ್ಕಂತಾಯಿತು, ಅದೂ ಖಾತ್ರಿಯಿಲ್ಲ. ಗಾಡಿ ಆ ಮೋರಿಯ ಮೇಲೆ ಬರುವಾಗ ಸಪ್ಪಳ ಬದಲಾಗುತ್ತಿತ್ತು. ನಮ್ಮ ಗೇಟಿಗೆ ಫೋನು ಇರಲಿಲ್ಲ. ಆ ಸಪ್ಪಳವೇ ಫೋನು.

1968ರ ಮಳೆಗಾಲ. ನನಗೆ ಒಂಬತ್ತು ವರ್ಷ. ಅಪ್ಪನಿಗೆ ಚಳಿಜ್ವರ ಬಂದು ಎದ್ದು ಕೂಡಲಾಗದಂತಾಯಿತು. ಪಾಳಿಯ ಇನ್ನೊಬ್ಬ ಗೇಟ್‌ಮನ್ ಊರಿಗೆ ಹೋಗಿದ್ದ. ವರದಿ ಕಳಿಸಿ ಬೇರೆಯವನು ಬರುವ ತನಕ ಮೂರು ಹಗಲು, ಮೂರು ರಾತ್ರಿ ಅವ್ವ ಗೇಟು ನೋಡಿದಳು. ಅಪ್ಪನ ಖಾಕಿ ಕೋಟು ತೊಟ್ಟು, ತಲೆಗೆ ಟವೆಲ್ಲು ಸುತ್ತಿ, ಗಾಡಿ ಬರುವ ಹೊತ್ತಿಗೆ ಗೇಟು ಹಾಕಿ, ಹಗಲಾದರೆ ಹಸಿರು ಝಂಡಾ, ರಾತ್ರಿಯಾದರೆ ಕೈದೀಪದ ಹಸಿರು ಗಾಜು. ದೀಪಕ್ಕೆ ಚಿಮಣಿಎಣ್ಣೆ ಹಾಕುವುದು ನನ್ನ ಕೆಲಸ. ಅಪಾಯವಾದರೆ ಹಳಿಯ ಮೇಲೆ ಇಡುವ ಪಟಾಕಿಯ ಡಬ್ಬಿ ಗೂಡಿನಲ್ಲಿತ್ತು. ಅದನ್ನು ಮುಟ್ಟಬಾರದು ಎಂದು ಮೊದಲೆಲ್ಲ ನಮಗೆ ಹೇಳುತ್ತಿದ್ದವಳು ಆ ಮೂರು ದಿನ ಅದನ್ನು ಸೆರಗಿನಲ್ಲಿ ಕಟ್ಟಿಕೊಂಡೇ ಓಡಾಡಿದಳು. ಉಗಿಬಂಡಿಯ ಡ್ರೈವರುಗಳಿಗೆ ಕೋಟು ಕಂಡಿತು, ದೀಪ ಕಂಡಿತು. ಗಾಡಿಗಳು ಹೋದವು. ಏನೂ ಆಗಲಿಲ್ಲ.

ಏನೂ ಆಗದ್ದಕ್ಕೆ ದಾಖಲೆ ಇರುವುದಿಲ್ಲ. ಚಕ್ಕಡಿ ಸಿಕ್ಕಿಬಿದ್ದು ಗಾಡಿ ನಿಂತಿದ್ದರೆ ಚೌಕಶಿ ಆಗುತ್ತಿತ್ತು, ಕಾಗದ ಹುಟ್ಟುತ್ತಿತ್ತು, ಅಪ್ಪನ ನೌಕರಿ ಹೋಗುತ್ತಿತ್ತು. ಗೇಟಿನ ಕೆಲಸ ಚೆನ್ನಾಗಿ ಆಗಿದೆ ಎಂಬುದರ ಗುರುತು ಏನೂ ಆಗದಿರುವುದೇ. ಜ್ವರ ಬಿಟ್ಟ ಮೇಲೆ ಅಪ್ಪ ನಮ್ಮನ್ನೆಲ್ಲ ಕೂಡಿಸಿ, “ಇದು ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ,” ಎಂದರು. ಬಿಡಲಿಲ್ಲ. ಅಂದು ಹೇಳಬಾರದು ಎಂದು ಅಂಜಿಕೆ. ಆಮೇಲೆ ಹೇಳಿದರೆ ಗೇಟಿನಾಕಿ ಎಂದಾರು ಎಂಬ ನಾಚಿಕೆ. ತಮ್ಮನಿಗೆ ಆಗ ಎರಡು ವರ್ಷ, ಅವನಿಗೆ ನೆನಪಿಲ್ಲ. ಅಪ್ಪ ಅವ್ವ ಇಬ್ಬರೂ ಈಗಿಲ್ಲ. ರಸ್ತೆ ಬದಿಯಲ್ಲಿ ಸೈಕಲ್ಲಿಗೆ ಒರಗಿ ನಿಂತು ತಮ್ಮನ ಮಗಳಿಗೆ ಮೊದಲ ಸಲ ಹೇಳಿದೆ.

ಅವಳ ಕಣ್ಣು ಅಗಲವಾದವು. “ಅತ್ತಿ, ಇದನ್ನ ಹಾಕೋಣು. ಮೂರನೇ ಪುಟದಾಗ ಇದ ಇರಲಿ.”

“ಏನು ಪುರಾವೆ?” ಎಂದೆ.

ಕೇಳಿದ ಮೇಲೆ ನನಗೇ ಕಸಿವಿಸಿಯಾಯಿತು. ಎರಡು ತಾಸಿನ ಹಿಂದೆ ಗಾಂಧೀಜಿಯ ಬೆಂಚಿಗೆ ಅಡ್ಡಗೆರೆ ಎಳೆದ ಕೈ ಇದು. ಅದೇ ಅಳತೆಗೋಲು ಹಿಡಿದರೆ ಅವ್ವನ ಕೋಟಿಗೂ ಪುರಾವೆಯಿಲ್ಲ. ಗೇಟು ಎಲ್ಲಿತ್ತು ಎಂದು ತೋರಿಸಲೂ ಬಾರದವಳ ಮಾತನ್ನು ಯಾರು ಯಾಕೆ ನಂಬಬೇಕು? ತಾಯಿಯ ಕಥೆ ಎಂದಕೂಡಲೇ ನಿಯಮ ಸಡಿಲಿಸಿದರೆ ಬೆಂಚಿನ ಕಥೆ ಹೇಳಿದ ‘ಎಲ್ಲಾರಿಗೂ’ ನನಗೂ ಏನು ವ್ಯತ್ಯಾಸ? ಅವಳು ವಾದ ಮಾಡಲಿಲ್ಲ, ಬಾಟಲಿಯ ನೀರು ಕೊಟ್ಟಳು. ಇದಲಹೊಂಡದವರೆಗೆ ಇಬ್ಬರೂ ಮಾತಾಡದೆ ತುಳಿದೆವು.

ಅಲ್ಲಿ ನೆರಳಿನಲ್ಲಿ ಕೂತು ಕೊನೆಯ ಪುಟ ಓದಿದೆ. ರಾತ್ರಿ ಅದನ್ನು ಸರಿಯಾಗಿ ನೋಡಿರಲಿಲ್ಲ. ‘ದಾರಿಯಿಂದ ದೂರವಿದ್ದರೂ ಹೇಳಲೇಬೇಕಾದದ್ದು’ ಎಂದು ಧಾರವಾಡದ ಬಗ್ಗೆ ಬರೆದಿದ್ದಳು. ಸದರ್ನ್ ಮರಾಠಾ ರೈಲ್ವೆಯ ಮುಖ್ಯ ಕಚೇರಿ ಧಾರವಾಡದಲ್ಲಿತ್ತು. 1908ರ ನಂತರ ಕಾರಭಾರ ಮದ್ರಾಸಿಗೆ ಹೋಯಿತು, ಕಟ್ಟಡ ಉಳಿಯಿತು. 1917ರಲ್ಲಿ ಶುರುವಾದ ಕರ್ನಾಟಕ ಕಾಲೇಜಿಗೆ ಮುಂದೆ ಅದೇ ಮನೆಯಾಯಿತು. ಓದಿ ಸುಮ್ಮನೆ ಕೂತೆ. ನಾನು ಬಿ.ಎ. ಮಾಡಿದ್ದು ಅಲ್ಲಿಯೇ, 1977ರಿಂದ 80ರವರೆಗೆ. ಗೇಟಿನ ಹೆಸರು ಬೆನ್ನು ಬಿಡಲಿ ಎಂದು ಓಡಿಹೋಗಿ ಸೇರಿದ್ದು ಅಪ್ಪನ ರೈಲಿನ ತಾಯಿಮನೆಯನ್ನೇ! ಕಂಪನಿಯ ಸಾಹೇಬರು ಕೂತಿದ್ದ ಕೋಣೆಗಳಲ್ಲಿ ಗೇಟಿನಾಕಿ ಹಳಗನ್ನಡ ಓದಿದಳು. ಅಪ್ಪನಿಗೂ ಗೊತ್ತಿರಲಿಕ್ಕಿಲ್ಲ, ಇದ್ದಿದ್ದರೆ ಹೇಳದೆ ಬಿಡುತ್ತಿರಲಿಲ್ಲ. ಈ ಒಂದು ಪರಿಚ್ಛೇದಕ್ಕಾಗಿ ಅವಳ ಹದಿನಾಲ್ಕು ‘ಐತಿಹಾಸಿಕ’ಗಳನ್ನೂ ಕ್ಷಮಿಸಬಹುದು ಎನಿಸಿತು. ಕ್ಷಮಿಸಲಿಲ್ಲ, ಅದು ಬೇರೆ ಮಾತು.

ಖಾನಾಪುರ ಮುಟ್ಟುವಾಗ ಬಿಸಿಲು ಏರಿತ್ತು. ಕೆಂಪು ಮಣ್ಣು, ಕೆಂಪು ಹಂಚು. ಇಲ್ಲಿಯ ಮಣ್ಣು ಗಡಿಗೆ ಹಂಚುಗಳಿಗೆ ಹೆಸರಾದದ್ದು, ಕುಂಬಾರಿಕೆ ಕಲಿಸುವ ಕೇಂದ್ರ ಸರಕಾರದ ಸಂಸ್ಥೆಯೇ ಈ ಊರಲ್ಲಿದೆ. ಕರಪತ್ರ ಅದನ್ನು ಬಿಟ್ಟಿದೆ, ರೈಲಿಗೆ ಸಂಬಂಧವಿಲ್ಲವೆಂದು ಇರಬೇಕು. ಕೊನೆಯ ನಿಲುಗಡೆ ಮಲಪ್ರಭೆಯ ರೈಲುಸೇತುವೆ. ಕಣಕುಂಬಿಯಲ್ಲಿ ಹುಟ್ಟಿದ ನದಿ ಇಲ್ಲಿಗೆ ಬರುವಷ್ಟರಲ್ಲಿ ಹರೆಯಕ್ಕೆ ಬಂದಿರುತ್ತದೆ. ಸೇತುವೆಗೆ ಅರ್ಧ ಪುಟ ಕೊಟ್ಟಿದ್ದಾಳೆ, ‘ಎಂಜಿನಿಯರಿಂಗಿನ ಅದ್ಭುತ’ ಎಂದು. ದಡದಲ್ಲಿ ಕೂತು ಬುತ್ತಿ ಬಿಚ್ಚುವಾಗ ಒಂದು ಗಾಡಿ ಮೇಲೆ ಹೋಯಿತು. ಸಪ್ಪಳ ನೀರಿಗಿಳಿದು ಮತ್ತೆ ಮೇಲೆ ಬಂತು. ಹನ್ನೆರಡು ಜನರೂ ತುತ್ತು ಕೈಯಲ್ಲಿ ಹಿಡಿದು ತಲೆ ಎತ್ತಿದೆವು. ಆ ಅರ್ಧ ಪುಟವನ್ನು ತೆಗೆದು ‘ಇಲ್ಲಿ ಸುಮ್ಮನೆ ಕೂಡ್ರಿ, ಗಾಡಿ ಬರುತ್ತದೆ’ ಎಂದಷ್ಟೇ ಬರೆದರೆ ಸಾಕು ಎಂದೆ. ಒಪ್ಪಿದಳು.

ಸೈಕಲ್ಲುಗಳನ್ನು ಟೆಂಪೋದಲ್ಲಿ ಹಾಕಿ ಮರಳುವಾಗ ನಾನೇ ಮಾತು ತೆಗೆದೆ.

“ಹರಿಪದ ಮಿತ್ರರ ಮಾತನ್ನ ಯಾಕ ನಂಬಿದ್ವಿ?”

“ಅವರು ಇದ್ರಲ್ರಿ ಅಲ್ಲೆ. ಹೆಸರು ಹಾಕಿ ಬರದಾರ.”

“ಹಂಗಾದ್ರ ಹಾಕು. ಆದರೆ ಆಯಿತು, ಹೋಯಿತು ಅಂತ ಬರೀಬ್ಯಾಡ. ಯಾರು ಹೇಳಿದ್ದು ಅಂತ ಬರಿ. ಒಂಬತ್ತು ವರ್ಷದ ಹುಡುಗಿ ನೋಡಿದ್ದು ಅಂತನೂ ಬರಿ. ನಂಬೋದು ಬಿಡೋದು ಓದೋರಿಗೆ ಬಿಟ್ಟದ್ದು.”

ಹೋದ ವಾರ ಎರಡನೇ ಮುದ್ರಣದ ಕರಡು ಕಳಿಸಿದ್ದಾಳೆ. ಬೆಂಚು ಇಲ್ಲ. ಮಿತ್ರರು ಬಂದಿದ್ದಾರೆ. ಟಿಳಕವಾಡಿಯ ಮೂರು ಗೇಟುಗಳಿಗೆ ಒಂದು ಪರಿಚ್ಛೇದ ಸಿಕ್ಕಿದೆ. ಮೂರನೇ ಪುಟದಲ್ಲಿ, ದೇಸೂರಿನ ಈಚೆ ಒಂದು ಗೇಟಿತ್ತು, 1968ರ ಮಳೆಗಾಲದಲ್ಲಿ ಮೂರು ದಿನ ಅದನ್ನು ಗೇಟ್‌ಮನ್‌ನ ಹೆಂಡತಿ ನೋಡಿಕೊಂಡಳು, ಹೀಗೆಂದು ಆಗ ಒಂಬತ್ತು ವರ್ಷದವಳಾಗಿದ್ದ ಮಗಳು ಹೇಳುತ್ತಾಳೆ ಎಂದಿದೆ. ಕೆಳಗೆ ನನ್ನ ಹೆಸರು ಪೂರ್ತಿಯಾಗಿ.

‘ಗೇಟ್‌ಮನ್‌ನ ಹೆಂಡತಿ’ ಎಂಬುದನ್ನು ಹೊಡೆದು ಅವ್ವನ ಹೆಸರು ಬರೆದೆ. ‘ಐತಿಹಾಸಿಕ’ ಇನ್ನೂ ಎರಡು ಉಳಿದಿದ್ದವು. ಅವನ್ನೂ ಹೊಡೆದು ಕಳಿಸಿದೆ.